ಮೀಸೆ ಮಣ್ಣಾಗದ ಜಟ್ಟಿ

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ 2025ರ ಮಾರ್ಚ್ ತಿಂಗಳಲ್ಲಿ ತನ್ನ ಮುಂದಿನ ಮಹಾಯಂತ್ರದ ಸಾಧ್ಯಾಸಾಧ್ಯತೆಯ ವರದಿಯನ್ನು ಪ್ರಕಟಿಸಿತು. ನೆಲದಡಿಯಲ್ಲಿ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಉಂಗುರಾಕಾರದ ಸುರಂಗ. ಅದರೊಳಗೆ ಎಲೆಕ್ಟ್ರಾನುಗಳಿಗೂ ಅವುಗಳ ಪ್ರತಿಕಣಗಳಾದ ಪಾಸಿಟ್ರಾನುಗಳಿಗೂ ಮುಖಾಮುಖಿ ಡಿಕ್ಕಿ. ಮೊದಲ ಹಂತಕ್ಕೆ ಅಂದಾಜು 1,500 ಕೋಟಿ ಸ್ವಿಸ್ ಫ್ರಾಂಕ್ ವೆಚ್ಚ. ಯಂತ್ರ ಚಾಲನೆಗೆ ಬರುವುದು 2040ರ ದಶಕದ ಉತ್ತರಾರ್ಧದಲ್ಲಿ. ಚೀನಾ 100 ಕಿಲೋಮೀಟರಿನ ಇಂಥದೇ ಉಂಗುರದ ವಿನ್ಯಾಸವನ್ನು ಸಿದ್ಧಪಡಿಸಿದೆ. ಜಪಾನಿನ ಕಿತಾಕಾಮಿ ಬೆಟ್ಟಗಳಲ್ಲಿ ನೇರ ಸುರಂಗದ ಯಂತ್ರವೊಂದನ್ನು ಕಟ್ಟಬೇಕೆಂಬ ಪ್ರಸ್ತಾಪ ವರ್ಷಗಳಿಂದ ನನೆಗುದಿಗೆ ಬಿದ್ದಿದೆ. ಇಂಥ ಯಂತ್ರಗಳ ಪರವಾಗಿ ಬರೆಯುವವರ ಸಮರ್ಥನೆಗಳಲ್ಲಿ ಒಂದು ವಾಕ್ಯ ಮೂವತ್ತು ವರ್ಷಗಳಿಂದ ಮರಳಿ ಮರಳಿ ಬರುತ್ತಿದೆ: ಇವು ಸೂಪರ್‌ಸಿಮೆಟ್ರಿಯನ್ನು ಪರೀಕ್ಷಿಸುತ್ತವೆ.

ನನ್ನ ತಕರಾರು ಈ ವಾಕ್ಯದ ಕ್ರಿಯಾಪದದ ಮೇಲೆ. ಪರೀಕ್ಷೆ ಎಂಬ ಮಾತಿಗೆ ಅರ್ಥ ಬರುವುದು ಅದರಲ್ಲಿ ನಪಾಸಾಗುವ ಸಾಧ್ಯತೆ ಇದ್ದಾಗ ಮಾತ್ರ. ಎಷ್ಟು ಸಲ ಕುಳಿತರೂ ಫಲಿತಾಂಶದ ಹಾಳೆಯಲ್ಲಿ ‘ಮುಂದೂಡಲಾಗಿದೆ’ ಎಂದಷ್ಟೇ ಬರೆಯುವ ಪರೀಕ್ಷೆಯನ್ನು ಪರೀಕ್ಷೆಯೆಂದು ಕರೆಯುವುದು ಭಾಷೆಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಎಲೆಕ್ಟ್ರಾನ್–ಪಾಸಿಟ್ರಾನ್ ಯಂತ್ರ ಬೇಕು ಎಂಬುದು ನನ್ನ ನಿಲುವು. ಆದರೆ ಅದನ್ನು ಕೇಳಬೇಕಾದದ್ದು ಅಳತೆಯ ಹೆಸರಿನಲ್ಲಿ. ಸೂಪರ್‌ಸಿಮೆಟ್ರಿಯ ಹೆಸರಿನಲ್ಲಿ ಕೇಳುವವರು ಮೊದಲು ಒಂದು ಪತ್ರಕ್ಕೆ ರುಜು ಹಾಕಲಿ: ಯಾವ ಅಳತೆ ಬಂದರೆ ನಾವು ಈ ಸಿದ್ಧಾಂತವನ್ನು ಕೈಬಿಡುತ್ತೇವೆ ಎಂಬ ಪತ್ರಕ್ಕೆ.

ಮೊದಲು ಸಿದ್ಧಾಂತಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಸೂಪರ್‌ಸಿಮೆಟ್ರಿಯನ್ನು ಕನ್ನಡದಲ್ಲಿ ಅತಿಸಮಮಿತಿ ಎನ್ನೋಣ. ನಿಸರ್ಗದ ಕಣಗಳಲ್ಲಿ ಎರಡು ಕುಲಗಳಿವೆ. ಎಲೆಕ್ಟ್ರಾನ್, ಕ್ವಾರ್ಕ್‌ಗಳಂಥ ವಸ್ತುವಿನ ಕಣಗಳು ಫರ್ಮಿಯಾನುಗಳು. ಬೆಳಕಿನ ಕಣ ಫೋಟಾನಿನಂಥ, ಬಲವನ್ನು ಹೊತ್ತೊಯ್ಯುವ ಕಣಗಳು ಬೋಸಾನುಗಳು. ಒಂದೇ ಸ್ಥಿತಿಯಲ್ಲಿ ಎರಡು ಫರ್ಮಿಯಾನುಗಳು ಇರಲಾರವು. ಬೋಸಾನುಗಳಿಗೆ ಆ ಮಡಿಯಿಲ್ಲ. ಅತಿಸಮಮಿತಿಯ ಪ್ರಕಾರ ಪ್ರತಿಯೊಂದು ಫರ್ಮಿಯಾನಿಗೂ ಒಂದು ಬೋಸಾನ್ ಸಂಗಾತಿ, ಪ್ರತಿಯೊಂದು ಬೋಸಾನಿಗೂ ಒಂದು ಫರ್ಮಿಯಾನ್ ಸಂಗಾತಿ ಇರಬೇಕು. 1970ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಗೋಲ್ಫಾಂಡ್ ಮತ್ತು ಲಿಖ್ಟ್‌ಮನ್, 1974ರಲ್ಲಿ ಯುರೋಪಿನಲ್ಲಿ ವೆಸ್ ಮತ್ತು ಜುಮಿನೊ ಈ ಕಲ್ಪನೆಗೆ ಗಣಿತದ ರೂಪ ಕೊಟ್ಟರು.

ಈ ಕಲ್ಪನೆಗೆ ಭೌತವಿಜ್ಞಾನಿಗಳು ಮನಸೋತದ್ದಕ್ಕೆ ಕಾರಣಗಳಿದ್ದವು. ಹಿಗ್ಸ್ ಕಣದ ದ್ರವ್ಯರಾಶಿ ಲೆಕ್ಕದಲ್ಲಿ ಎಲ್ಲೆಮೀರಿ ಏರದಂತೆ ತಡೆಯಲು ಸಂಗಾತಿ ಕಣಗಳು ನೆರವಾಗುತ್ತವೆ. ಅತ್ಯಂತ ಹಗುರವಾದ ಸಂಗಾತಿ ಕಣ ಸ್ಥಿರವಾಗಿದ್ದರೆ ಅದೇ ಬ್ರಹ್ಮಾಂಡದ ಕತ್ತಲ ದ್ರವ್ಯವಾಗಬಹುದು. ಮೂರನೆಯದು ಎಲ್ಲಕ್ಕಿಂತ ಮೋಹಕ. 1991ರಲ್ಲಿ ಅಮಾಲ್ಡಿ, ಡಿ ಬೋರ್, ಫ್ಯೂರ್ಸ್‌ಟೆನೌ ಎಂಬ ಮೂವರು ಸರ್ನ್‌ನ ಹೊಸ ಅಳತೆಗಳನ್ನು ಬಳಸಿ ನಿಸರ್ಗದ ಮೂರು ಬಲಗಳ ತೀವ್ರತೆಗಳನ್ನು ಅತ್ಯುನ್ನತ ಶಕ್ತಿಯವರೆಗೆ ಲೆಕ್ಕಹಾಕಿ ಎಳೆದರು. ಸದ್ಯದ ಅಧಿಕೃತ ಸಿದ್ಧಾಂತವಾದ ಸ್ಟಾಂಡರ್ಡ್ ಮಾಡೆಲ್‌ನಲ್ಲಿ ಆ ಮೂರು ಗೆರೆಗಳು ಒಂದು ಬಿಂದುವಿನಲ್ಲಿ ಕೂಡುವುದಿಲ್ಲ. ಸಂಗಾತಿ ಕಣಗಳನ್ನು ಸೇರಿಸಿದರೆ ಕೂಡುತ್ತವೆ. ಆ ಚಿತ್ರವನ್ನು ಕಂಡ ಒಂದು ಇಡೀ ಪೀಳಿಗೆ ಅದನ್ನು ಸತ್ಯದ ಸಹಿಯೆಂದೇ ಭಾವಿಸಿತು. ಸೌಂದರ್ಯಕ್ಕೆ ಸೋಲುವುದು ತಪ್ಪಲ್ಲ. ನಾವು ಸಾಹಿತ್ಯದ ಓದುಗರು ಅದನ್ನೇ ಬದುಕಾಗಿಸಿಕೊಂಡವರು. ಆದರೆ ಕಾವ್ಯದ ಲೋಕ ತನ್ನೊಳಗೆ ಸುಸಂಗತವಾಗಿದ್ದರೆ ಸಾಕು. ಸಿದ್ಧಾಂತದ ಲೋಕ ಹೊರಗಿರುವ ಲೋಕಕ್ಕೆ ಹೊಂದಬೇಕು.

ಪರೀಕ್ಷೆ ಎಂಬ ಮಾತಿಗೆ ನಿಜವಾದ, ಚೊಕ್ಕವಾದ ಅರ್ಥ ಒಂದು ಕಾಲಕ್ಕೆ ಇತ್ತು. 1995ರಲ್ಲಿ ಜೊನಾಥನ್ ಫೆಂಗ್, ಮೈಕೆಲ್ ಪೆಸ್ಕಿನ್, ಹಿತೋಶಿ ಮುರಾಯಾಮ, ಜರ್ಕ್ಸೀಸ್ ಟಾಟಾ ಈ ನಾಲ್ವರು ಒಂದು ಪ್ರಬಂಧ ಬರೆದರು. ಅವರ ಪ್ರಶ್ನೆ ಸೂಕ್ಷ್ಮವಾಗಿತ್ತು: ನಾಳೆ ಒಂದು ಹೊಸ ಕಣ ಸಿಕ್ಕಿತು ಎಂದಿಟ್ಟುಕೊಳ್ಳಿ, ಅದು ಅತಿಸಮಮಿತಿಯ ಸಂಗಾತಿಯೇ ಹೌದೆಂದು ತಿಳಿಯುವುದು ಹೇಗೆ? ಅವರ ಉತ್ತರ: ಸಮಮಿತಿ ನಿಜವಾಗಿದ್ದರೆ, ಒಂದು ಕಣವು ಇತರ ಕಣಗಳೊಡನೆ ಎಷ್ಟು ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆಯೋ ಅದರ ಸಂಗಾತಿಯೂ ತನ್ನ ನಂಟರೊಡನೆ ಅಷ್ಟೇ ಗಟ್ಟಿಯಾಗಿ ಬೆಸೆದುಕೊಳ್ಳಬೇಕು. ದ್ರವ್ಯರಾಶಿಗಳು ಬೇರೆಯಾಗಿರಬಹುದು, ಬೆಸುಗೆಯ ಬಲ ಬಹುಮಟ್ಟಿಗೆ ಸಮವಾಗಿರಲೇಬೇಕು. ಈ ಸಮತ್ವವನ್ನು ಅಳೆಯಿರಿ. ಸಮವಿಲ್ಲದಿದ್ದರೆ ಸಿಕ್ಕ ಕಣ ಬೇರಾವುದೋ.

ಈ ಅಳತೆಗೆ ಎಲೆಕ್ಟ್ರಾನ್–ಪಾಸಿಟ್ರಾನ್ ಯಂತ್ರವೇ ತಕ್ಕದ್ದು. ಪ್ರೋಟಾನು ಕ್ವಾರ್ಕ್ ಮತ್ತು ಗ್ಲುವಾನುಗಳ ಮೂಟೆ. ಎರಡು ಮೂಟೆಗಳು ಡಿಕ್ಕಿ ಹೊಡೆದಾಗ ಒಳಗಿನ ಯಾವ ಕಾಳಿಗೆ ಯಾವ ಕಾಳು ತಾಗಿತು, ಎಷ್ಟು ಶಕ್ತಿಯಿಂದ ತಾಗಿತು ಎಂಬುದು ಪೂರ್ತಿ ತಿಳಿಯದು. ಎಲೆಕ್ಟ್ರಾನಿಗೆ ಒಳಗಿನ ಭಾಗಗಳಿರುವುದು ಈವರೆಗೆ ಕಂಡಿಲ್ಲ. ಡಿಕ್ಕಿಯ ಶಕ್ತಿ ಮೊದಲೇ ಗೊತ್ತು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಕಣಜೋಡಿ ಹುಟ್ಟತೊಡಗುವ ಹೊಸ್ತಿಲನ್ನು ಗುರುತಿಸಬಹುದು. ನೇರ ಸುರಂಗದ ಯಂತ್ರದಲ್ಲಿ ಎಲೆಕ್ಟ್ರಾನಿನ ಸ್ಪಿನ್ ದಿಕ್ಕನ್ನೂ ಆಯ್ದುಕೊಳ್ಳಬಹುದು. ಈ ವಿದ್ಯೆಯಲ್ಲಿ ನಮ್ಮವರ ಪಾಲೂ ಇದೆ. ಪುಣೆಯಲ್ಲಿ ಹುಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು 2024ರಲ್ಲಿ ತೀರಿಕೊಂಡ ರೋಹಿಣಿ ಗೋಡಬೋಲೆ ಅವರು, ಇಂಥ ಯಂತ್ರಗಳಲ್ಲಿ ಫೋಟಾನುಗಳ ಡಿಕ್ಕಿಯಿಂದ ಏಳುವ ಅನಪೇಕ್ಷಿತ ಗದ್ದಲ ಎಷ್ಟಿದ್ದೀತೆಂದು ಮಾನುಯೆಲ್ ಡ್ರೀಸ್ ಜೊತೆಗೂಡಿ ಲೆಕ್ಕಹಾಕಿದವರು. ಅವರಿಬ್ಬರೂ ಪ್ರೋಬೀರ್ ರಾಯ್ ಅವರೊಡನೆ 2004ರಲ್ಲಿ ಪ್ರಕಟಿಸಿದ ಅತಿಸಮಮಿತಿಯ ಬೃಹತ್ ಗ್ರಂಥ ಆ ಕ್ಷೇತ್ರದ ವಿದ್ಯಾರ್ಥಿಗಳ ಕೈಪಿಡಿಯಾಗಿದೆ. ಸಿದ್ಧಾಂತವನ್ನು ಅಳತೆಯ ಕಟಕಟೆಗೆ ತರಬೇಕೆಂಬ ಇಂಥ ದುಡಿಮೆಯ ಮೇಲೆ ನನ್ನ ಆಕ್ಷೇಪವಿಲ್ಲ.

ಆದರೆ 1995ರ ಪರೀಕ್ಷೆಗೆ ಒಂದು ಪೂರ್ವಷರತ್ತಿತ್ತು: ಸಂಗಾತಿ ಕಣ ಮೊದಲು ಕೈಗೆ ಸಿಗಬೇಕು. ಸಿಗಲಿಲ್ಲ. ಸರ್ನ್‌ನ 27 ಕಿಲೋಮೀಟರ್ ಸುರಂಗದಲ್ಲಿ 1989ರಿಂದ 2000ದವರೆಗೆ ನಡೆದ ಲೆಪ್ ಎಂಬ ಎಲೆಕ್ಟ್ರಾನ್–ಪಾಸಿಟ್ರಾನ್ ಯಂತ್ರ, ವಿದ್ಯುದಾವೇಶವುಳ್ಳ ಸಂಗಾತಿ ಕಣಗಳು ಹೆಚ್ಚುಕಡಿಮೆ 100 ಜಿಇವಿವರೆಗೆ ಇಲ್ಲವೆಂದು ತೋರಿಸಿತು. (ಜಿಇವಿ ಕಣಲೋಕದ ತೂಕದ ಬಟ್ಟು, ಒಂದು ಪ್ರೋಟಾನಿನ ದ್ರವ್ಯರಾಶಿ ಸುಮಾರು 1 ಜಿಇವಿ.) ಅದೇ ಸುರಂಗದಲ್ಲಿ ಬಂದ ಪ್ರೋಟಾನ್ ಯಂತ್ರ ಎಲ್‌ಎಚ್‌ಸಿ, ಗ್ಲುವಾನಿನ ಸಂಗಾತಿ ಸಾಮಾನ್ಯ ಊಹೆಗಳ ಪ್ರಕಾರ 2,000 ಜಿಇವಿವರೆಗೂ ಇಲ್ಲವೆಂದು ತೋರಿಸಿತು. 2000ದಲ್ಲಿ ಕೋಪನ್‌ಹೇಗನ್‌ನಲ್ಲಿ ಭೌತವಿಜ್ಞಾನಿಗಳು ಅತಿಸಮಮಿತಿ ಸಿಕ್ಕೀತೇ ಎಂದು ಪಣ ಕಟ್ಟಿದ್ದರು. 2016ರಲ್ಲಿ ಅದೇ ಊರಿನಲ್ಲಿ ‘ಸಿಕ್ಕೀತು’ ಎಂದಿದ್ದವರು ಸೋಲೊಪ್ಪಿ ಕಾಗ್ನ್ಯಾಕ್ ಬಾಟಲಿಗಳನ್ನು ತೆತ್ತರು. ಸೋತವರಲ್ಲಿ ನೊಬೆಲ್ ಪುರಸ್ಕೃತ ಡೇವಿಡ್ ಗ್ರಾಸ್ ಇದ್ದರು. ಪಣ ಸೋತಿತು; ಸಿದ್ಧಾಂತ ಸೋಲಲಿಲ್ಲ. ಸಂಗಾತಿಗಳು ಇನ್ನೂ ಭಾರವಾಗಿರಬಹುದು ಎಂದರಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಮೀಸೆ ಮಣ್ಣಾಗದಿರುವುದಕ್ಕೆ ಕಾರಣ ಸಿದ್ಧಾಂತದ ರಚನೆಯಲ್ಲೇ ಇದೆ. ಸಮಮಿತಿ ಪರಿಪೂರ್ಣವಾಗಿದ್ದರೆ ಎಲೆಕ್ಟ್ರಾನಿನ ಸಂಗಾತಿ ಎಲೆಕ್ಟ್ರಾನಿನಷ್ಟೇ ಹಗುರವಾಗಿದ್ದು ಎಂದೋ ಸಿಗಬೇಕಿತ್ತು. ಆದ್ದರಿಂದ ಸಮಮಿತಿ ಮುರಿದಿದೆ ಎನ್ನಬೇಕು. ಹೇಗೆ ಮುರಿದಿದೆ ಎಂದು ತಿಳಿಯದ ಕಾರಣ ಎಲ್ಲ ಸಾಧ್ಯತೆಗಳನ್ನೂ ತೆರೆದಿಡಬೇಕು. ಹಾಗೆ ತೆರೆದಿಟ್ಟಾಗ ಅತ್ಯಂತ ಮಿತವಾದ ಅತಿಸಮಮಿತಿಯ ಮಾದರಿಯಲ್ಲೂ 105 ಹೊಸ ಅಂಕೆಗಳು ಸೇರಿಕೊಳ್ಳುತ್ತವೆ. ಅಷ್ಟು ಗೂಟಗಳಿರುವ ಡೇರೆಯನ್ನು ಯಾವ ಗಾಳಿಗೂ ತಕ್ಕಂತೆ ಸರಿಸಿ ಕಟ್ಟಬಹುದು.

ಎಲ್ಲ ಸಿದ್ಧಾಂತಗಳೂ ಹೀಗೆಯೇ ಎನ್ನುವವರಿಗೆ ನಮ್ಮ ಕೋಲಾರದ ಉದಾಹರಣೆ ಇದೆ. 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಮೂರು ಬಲಗಳನ್ನು ಒಂದುಗೂಡಿಸುವ ಸರಳ ಸಿದ್ಧಾಂತವೊಂದನ್ನು ಮಂಡಿಸಿದರು. ಅದರ ಪ್ರಕಾರ ಪ್ರೋಟಾನೂ ಅಮರವಲ್ಲ. ಅದರ ಸರಾಸರಿ ಆಯುಷ್ಯ ಹೆಚ್ಚೆಂದರೆ 1ರ ಮುಂದೆ 31 ಸೊನ್ನೆಗಳಷ್ಟು ವರ್ಷಗಳ ಆಸುಪಾಸು. ಅಂದರೆ ಸಾಕಷ್ಟು ಟನ್ ವಸ್ತುವನ್ನು ಗುಡ್ಡೆಹಾಕಿ ಕಾದರೆ ಕೆಲವು ಸಾವುಗಳಾದರೂ ಕಾಣಬೇಕು. 1980ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳೊಡನೆ ಕಬ್ಬಿಣದ ಹಲಗೆಗಳನ್ನು ಜೋಡಿಸಿ ಕಾದರು. ಅಮೆರಿಕದ ಓಹಾಯೋದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೋಕದ ಗಣಿಯಲ್ಲಿ ನೀರಿನ ತೊಟ್ಟಿ ಕಟ್ಟಿ ಕಾದರು. ಕೋಲಾರದಲ್ಲಿ ಕಂಡ ಕೆಲವು ಅನುಮಾನಾಸ್ಪದ ಘಟನೆಗಳನ್ನು ಉಳಿದ ಪ್ರಯೋಗಗಳು ಪುಷ್ಟೀಕರಿಸಲಿಲ್ಲ. ಪ್ರೋಟಾನು ಸಾಯಲಿಲ್ಲ, ಆ ಸರಳ ಸಿದ್ಧಾಂತ ಸತ್ತಿತು. ಅದರ ಮಂಡಕರಿಗೆ ಅದರಿಂದ ಅವಮಾನವಾಗಲಿಲ್ಲ. ಕತ್ತು ಮುಂದೊಡ್ಡಿ ನಿಂತ ಸಿದ್ಧಾಂತವೆಂದು ಇಂದಿಗೂ ಅದನ್ನು ಗೌರವದಿಂದ ನೆನೆಯುತ್ತಾರೆ. ಆಗಲೂ ಅತಿಸಮಮಿತಿ ಮುಂದೆ ಬಂದು ಹೇಳಿತು: ನನ್ನನ್ನು ಸೇರಿಸಿಕೊಂಡರೆ ಪ್ರೋಟಾನಿನ ಆಯುಷ್ಯ ಇನ್ನೂ ದೀರ್ಘ, ಕಾಯಿರಿ.

ಇನ್ನು ಇಂದಿನ ವಾದಕ್ಕೆ ಬರೋಣ. ಸಂಗಾತಿ ಕಣಗಳು ನೇರವಾಗಿ ಸಿಗದಿದ್ದರೂ ಅವುಗಳ ನೆರಳನ್ನು ಅಳೆಯಬಹುದು ಎನ್ನುತ್ತಾರೆ. ಮಾತು ನಿಜ. ಭಾರವಾದ ಕಣಗಳು ಹುಟ್ಟದೆಯೂ ಹಗುರ ಕಣಗಳ ಗುಣಗಳನ್ನು ಕಿಂಚಿತ್ತು ಅಲುಗಿಸುತ್ತವೆ. ಹಿಗ್ಸ್ ಕಣವು ಬಿ-ಕ್ವಾರ್ಕ್ ಜೊತೆ ಬೆಸೆದುಕೊಳ್ಳುವ ಬಲವನ್ನೇ ತೆಗೆದುಕೊಳ್ಳಿ. ಅತಿಸಮಮಿತಿಯಲ್ಲಿ ಹಿಗ್ಸ್‌ಗೆ ಭಾರದ ಸೋದರ ಕಣಗಳಿರಬೇಕು. ಅವು 1,000 ಜಿಇವಿ ಇದ್ದರೆ ಆ ಬಲ ಸ್ಟಾಂಡರ್ಡ್ ಮಾಡೆಲ್ ಹೇಳುವುದಕ್ಕಿಂತ ಸುಮಾರು ಶೇಕಡಾ 1.7ರಷ್ಟು ಬೇರೆಯಾಗುತ್ತದೆ. ಭಾರ ಇಮ್ಮಡಿಯಾದರೆ ವ್ಯತ್ಯಾಸ ಕಾಲುಭಾಗಕ್ಕೆ, ಶೇಕಡಾ 0.4ರ ಸುತ್ತಿಗೆ ಇಳಿಯುತ್ತದೆ; ನಾಲ್ಮಡಿಯಾದರೆ ಶೇಕಡಾ 0.1ಕ್ಕೆ. ಸರ್ನ್‌ನ ಹೊಸ ಉಂಗುರ ಈ ಬಲವನ್ನು ಶೇಕಡಾ ಅರ್ಧದ ಆಸುಪಾಸಿನ ನಿಖರತೆಯಲ್ಲಿ ಅಳೆಯುವ ನಿರೀಕ್ಷೆಯಿದೆ. ಅದು ಅದ್ಭುತ ಅಳತೆ. ಆದರೆ ವ್ಯತ್ಯಾಸ ಕಾಣದಿದ್ದರೆ ನಾವು ಕಲಿಯುವುದೇನು? ಸೋದರ ಕಣಗಳು ಇಂತಿಷ್ಟಕ್ಕಿಂತ ಭಾರ ಎಂದು. ವ್ಯತ್ಯಾಸ ಕಂಡರೆ? ಏನೋ ಹೊಸತಿದೆ ಎಂದು. ಅದು ಅತಿಸಮಮಿತಿಯೇ ಎಂದಲ್ಲ, ಏಕೆಂದರೆ ಅಂಥದೇ ವ್ಯತ್ಯಾಸವನ್ನು ಹತ್ತಾರು ಬೇರೆ ಕಲ್ಪನೆಗಳೂ ಉಂಟುಮಾಡಬಲ್ಲವು. ಎರಡೂ ಉತ್ತರಗಳಲ್ಲಿ ಸಿದ್ಧಾಂತಕ್ಕೆ ಅಪಾಯವಿಲ್ಲ.

ಅಳತೆಗಳನ್ನು ಈ ಪಾಳೆಯ ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದಕ್ಕೆ ಎರಡು ಇತ್ತೀಚಿನ ಸಾಕ್ಷ್ಯಗಳಿವೆ. 2021ರಲ್ಲಿ ಅಮೆರಿಕದ ಫರ್ಮಿಲ್ಯಾಬ್, ಮ್ಯೂವಾನ್ ಕಣದ ಕಾಂತಗುಣ ಅಂದಿನ ಪ್ರಮಾಣಿತ ಲೆಕ್ಕಕ್ಕೆ ಹೊಂದುತ್ತಿಲ್ಲವೆಂದು ಪ್ರಕಟಿಸಿತು. 2022ರಲ್ಲಿ ಅಲ್ಲಿನದೇ ಹಳೆಯ ಪ್ರಯೋಗವೊಂದರ ತಂಡ, ಡಬ್ಲ್ಯು ಬೋಸಾನಿನ ದ್ರವ್ಯರಾಶಿ ನಿರೀಕ್ಷೆಗಿಂತ ಹೆಚ್ಚಾಗಿ 80.4335 ಜಿಇವಿ ಇದೆ ಎಂದಿತು. ಎರಡೂ ಸಲ ಅತಿಸಮಮಿತಿಯ ವಿವರಣೆಗಳು ಪ್ರಬಂಧಗಳ ಸಾಲಾಗಿ ಹರಿದುಬಂದವು. ಸಂಗಾತಿ ಕಣಗಳ ನೆರಳು ಬಿದ್ದಿತೆಂಬ ಸಂಭ್ರಮ. ಮುಂದೆ 2024ರಲ್ಲಿ ಎಲ್‌ಎಚ್‌ಸಿಯ ಸಿಎಂಎಸ್ ಪ್ರಯೋಗ ಡಬ್ಲ್ಯು ದ್ರವ್ಯರಾಶಿಯನ್ನು 80.3602 ಜಿಇವಿ ಎಂದು ಅಳೆಯಿತು. ಅದು ಸ್ಟಾಂಡರ್ಡ್ ಮಾಡೆಲ್‌ಗೆ ಹೊಂದುತ್ತದೆ. 2025ರಲ್ಲಿ ಪರಿಷ್ಕೃತ ಸೈದ್ಧಾಂತಿಕ ಲೆಕ್ಕವನ್ನು ಮ್ಯೂವಾನ್ ಅಳತೆಯ ಪಕ್ಕದಲ್ಲಿಟ್ಟಾಗ ಗಮನಾರ್ಹ ಅಂತರ ಉಳಿಯಲಿಲ್ಲ. ಆಗ ‘ಹಾಗಾದರೆ ಇದು ಅತಿಸಮಮಿತಿಗೆ ವಿರುದ್ಧದ ಸಾಕ್ಷ್ಯ’ ಎಂಬ ಪ್ರಬಂಧಗಳ ಸಾಲು ಬಂತೇ? ಅಂತರವಿದ್ದರೆ ನಮ್ಮ ಪರ, ಇಲ್ಲದಿದ್ದರೆ ಯಾರ ಪರವೂ ಅಲ್ಲ ಎಂಬ ನ್ಯಾಯದ ತಕ್ಕಡಿಗೆ ಒಂದೇ ತಟ್ಟೆ.

ಇಷ್ಟಾದರೂ ಅತಿಸಮಮಿತಿಗೆ ಒಂದು ನಿಜವಾದ ಪರೀಕ್ಷೆ ಸಾಧ್ಯವಿದೆ. ಹಿಗ್ಸ್‌ನ ಸಂಗಾತಿಗಳಾದ ಹಿಗ್ಸಿನೊಗಳು ತೀರ ಭಾರವಾಗಿರಲಾಗದು. ಅವುಗಳ ದ್ರವ್ಯರಾಶಿ ಹಿಗ್ಸ್ ಮತ್ತು ಜಡ್ ಬೋಸಾನುಗಳ ದ್ರವ್ಯರಾಶಿಯ ಸೂತ್ರದಲ್ಲಿ ನೇರವಾಗಿ ಬರುತ್ತದೆ. ಅದು ಕೆಲವು ನೂರು ಜಿಇವಿ ಮೀರಿದರೆ ಒಂದು ದೊಡ್ಡ ಸಂಖ್ಯೆಯನ್ನು ಇನ್ನೊಂದು ದೊಡ್ಡ ಸಂಖ್ಯೆಯಿಂದ ಕಳೆದು ಚಿಕ್ಕ ಉತ್ತರ ಪಡೆಯುವ ಕೃತಕ ಹೊಂದಾಣಿಕೆ ಬೇಕಾಗುತ್ತದೆ. ಅಂಥ ಹೊಂದಾಣಿಕೆ ಬೇಡವೆಂದೇ ಅಲ್ಲವೆ ಅತಿಸಮಮಿತಿಯನ್ನು ಕರೆತಂದದ್ದು? ಹಿಗ್ಸಿನೊಗಳು ಪರಸ್ಪರ ಸಮೀಪದ ದ್ರವ್ಯರಾಶಿಯವಾದರೆ ಪ್ರೋಟಾನ್ ಡಿಕ್ಕಿಗಳ ಕೊಳೆಯಲ್ಲಿ ಅವುಗಳ ಗುರುತು ಹತ್ತುವುದು ಕಷ್ಟ. ಎಲೆಕ್ಟ್ರಾನ್–ಪಾಸಿಟ್ರಾನ್ ಯಂತ್ರದಲ್ಲಿ ಅವು ಜೋಡಿಯಾಗಿ ಹುಟ್ಟುತ್ತವೆ. ಡಿಕ್ಕಿಯ ಶಕ್ತಿಯ ಅರ್ಧದವರೆಗಿನ ದ್ರವ್ಯರಾಶಿಯನ್ನು ಹೆಚ್ಚುಕಡಿಮೆ ಪೂರ್ತಿ ಜಾಲಿಸಬಹುದು. 1,000 ಜಿಇವಿ ಯಂತ್ರ 500 ಜಿಇವಿವರೆಗೆ ನೋಡಿ, ಅಲ್ಲಿ ಹಿಗ್ಸಿನೊ ಇಲ್ಲವೆಂದರೆ, ಯಾವ ಸಹಜತೆಯ ಹೆಸರಿನಲ್ಲಿ ಈ ಸಿದ್ಧಾಂತ ಹುಟ್ಟಿತೋ ಆ ಸಹಜತೆ ಮಣ್ಣುಪಾಲಾದಂತೆ.

ಈಗ ವಿಚಿತ್ರ ನೋಡಿ. ಸರ್ನ್‌ನ ಉಂಗುರದಲ್ಲಿ ಎಲೆಕ್ಟ್ರಾನ್ ಡಿಕ್ಕಿಯ ಗರಿಷ್ಠ ಶಕ್ತಿ 365 ಜಿಇವಿ. ಅಂದರೆ ಅದು ತಲುಪುವುದು ಸುಮಾರು 180 ಜಿಇವಿ ಹಿಗ್ಸಿನೊವರೆಗೆ. ಉಂಗುರದಲ್ಲಿ ತಿರುಗುವ ಎಲೆಕ್ಟ್ರಾನು ತಿರುವಿನಲ್ಲಿ ಶಕ್ತಿಯನ್ನು ವಿಕಿರಣವಾಗಿ ಚೆಲ್ಲುತ್ತದೆ. ವೇಗದ ಶಕ್ತಿ ಇಮ್ಮಡಿಯಾದರೆ ಚೆಲ್ಲುವುದು ಹದಿನಾರು ಪಟ್ಟು. ಹೆಚ್ಚಿನ ಶಕ್ತಿ ಬೇಕಾದರೆ ನೇರ ಸುರಂಗವೇ ಗತಿ. ಜಪಾನಿನ ಯೋಜನೆ 2013ರ ನಕ್ಷೆಯಲ್ಲಿ 500 ಜಿಇವಿ ಇದ್ದದ್ದು 2017ರಲ್ಲಿ ಮೊದಲ ಹಂತಕ್ಕೆ 250ಕ್ಕೆ ಇಳಿಯಿತು. ಈ ಆಯ್ಕೆಗಳು ತಪ್ಪೆಂದು ನಾನು ಹೇಳುವುದಿಲ್ಲ. ಹಿಗ್ಸ್ ಮತ್ತು ಜಡ್ ಕಣಗಳನ್ನು ಅಳೆಯಲು ಅವು ಸರಿಯಾದ ಆಯ್ಕೆಗಳೇ. ಆದರೆ ಹಿಗ್ಸ್‌ಗಾಗಿ ಆಯ್ದ ಯಂತ್ರವನ್ನು ಅತಿಸಮಮಿತಿಯ ಪರೀಕ್ಷಾ ಮಂದಿರವೆಂದು ಜಾಹೀರು ಮಾಡುವುದು ಸಲ್ಲದು.

ಇದನ್ನೆಲ್ಲ ಕೇಳಿ ಒಬ್ಬರು ಹೇಳಬಹುದು: ಹೊಸ ಕಣದ ಭರವಸೆ ಇಲ್ಲದಿದ್ದರೆ ಅಷ್ಟು ಹಣ ಯಾಕೆ? ಈ ಪ್ರಶ್ನೆ ಕೇಳುವವರೂ, ಅತಿಸಮಮಿತಿಯ ಆಸೆ ತೋರಿಸಿ ಹಣ ಕೇಳುವವರೂ ಒಂದೇ ಭ್ರಮೆಯನ್ನು ಹಂಚಿಕೊಂಡವರು. ಹೊಸತು ಸಿಕ್ಕರಷ್ಟೇ ವಿಜ್ಞಾನ ಗೆದ್ದಂತೆ ಎಂಬ ಭ್ರಮೆ. ಲೆಪ್ ಯಂತ್ರ ಒಂದೂ ಹೊಸ ಮೂಲಕಣವನ್ನು ಕಂಡುಹಿಡಿಯಲಿಲ್ಲ. ಆದರೆ ಅದು ಸುಮಾರು 1.7 ಕೋಟಿ ಜಡ್ ಕಣಗಳನ್ನು ಎಣಿಸಿ, ಹಗುರ ನ್ಯೂಟ್ರಿನೊಗಳ ಬಗೆ ಮೂರೇ, ನಾಲ್ಕನೆಯದಿಲ್ಲ ಎಂದು ಇತ್ಯರ್ಥಪಡಿಸಿತು. ಟಾಪ್ ಕ್ವಾರ್ಕ್ ಯಾರ ಕಣ್ಣಿಗೂ ಬೀಳುವ ಮೊದಲೇ ಅದರ ಭಾರ 150ರಿಂದ 200 ಜಿಇವಿ ನಡುವೆ ಇದ್ದೀತೆಂದು ಅದರ ಅಳತೆಗಳಿಂದ ಊಹಿಸಲಾಗಿತ್ತು. 1995ರಲ್ಲಿ ಫರ್ಮಿಲ್ಯಾಬ್‌ನಲ್ಲಿ ಅದು ಸಿಕ್ಕಾಗ ಆ ವ್ಯಾಪ್ತಿಯೊಳಗೇ ಇತ್ತು. ಚಂದ್ರನ ಸೆಳೆತಕ್ಕೆ ನೆಲ ಉಬ್ಬಿ 27 ಕಿಲೋಮೀಟರ್ ಉಂಗುರದ ಸುತ್ತಳತೆ ಸುಮಾರು ಒಂದು ಮಿಲಿಮೀಟರ್ ಬದಲಾಗುವುದನ್ನೂ, ಜಿನೀವಾದಿಂದ ಹೊರಡುವ ವಿದ್ಯುತ್ ರೈಲುಗಳ ಸೋರಿಕೆ ಪ್ರವಾಹವನ್ನೂ ಲೆಕ್ಕಕ್ಕೆ ಹಿಡಿದು, ಅಲ್ಲಿನವರು ಜಡ್ ದ್ರವ್ಯರಾಶಿಯನ್ನು ಲಕ್ಷಕ್ಕೆ ಎರಡು ಪಾಲಿನಷ್ಟು ನಿಖರವಾಗಿ ಅಳೆದರು. ಆ ಅಳತೆಯಲ್ಲಿ ಮುಂಬಯಿಯ ಟಾಟಾ ಸಂಸ್ಥೆಯವರ ಕೈಯೂ ಇತ್ತು. ಅತಿಸಮಮಿತಿಗೆ ಅಂದಗಾಣಿಸಿಕೊಟ್ಟ 1991ರ ಆ ಮೂರು ಗೆರೆಗಳು ಕೂಡ ಇದೇ ಅಳತೆಗಳಿಂದಲೇ ಬಂದವು. ಸಿದ್ಧಾಂತ ಉಳಿಯಲಿ, ಅಳಿಯಲಿ, ಅಳತೆ ಉಳಿದಿದೆ. ಹೊಸ ಉಂಗುರ 5 ಲಕ್ಷ ಕೋಟಿಗೂ ಹೆಚ್ಚು ಜಡ್ ಕಣಗಳನ್ನು ಹುಟ್ಟಿಸುವ ಗುರಿ ಇಟ್ಟುಕೊಂಡಿದೆ. ಅದನ್ನು ಕಟ್ಟಲು ಇದಕ್ಕಿಂತ ಬೇರೆ ನೆಪ ಬೇಕಿಲ್ಲ.

ಇನ್ನೊಂದು ಆಕ್ಷೇಪ ಪಂಡಿತರದು. ಒಂದೇ ಪ್ರಯೋಗದಿಂದ ಯಾವ ಸಿದ್ಧಾಂತವೂ ಬೀಳುವುದಿಲ್ಲ, ತಿದ್ದುಪಡಿ ವಿಜ್ಞಾನದ ಸಹಜ ಕ್ರಮ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಪ್ರತಿ ತಿದ್ದುಪಡಿಗೂ ಬೆಲೆ ಇದೆ ಎಂಬುದನ್ನು ಮರೆಯಬಾರದು. ಅತಿಸಮಮಿತಿಯ ಪರವಾಗಿದ್ದ ಒಂದು ಮಾತು ನಿಜವಾಯಿತು: ಅದರ ಮಿತ ಮಾದರಿ ಹಿಗ್ಸ್ ಕಣ ಸುಮಾರು 135 ಜಿಇವಿ ಒಳಗಿರಬೇಕು ಎಂದಿತ್ತು, 2012ರಲ್ಲಿ ಅದು 125ರ ಬಳಿ ಸಿಕ್ಕಿತು. ಈ ಜಮೆಯನ್ನು ಬರೆದುಕೊಂಡವರು ಖರ್ಚನ್ನೂ ಬರೆಯಲಿ: ಆ ಮಾದರಿಯಲ್ಲಿ 125ನ್ನು ಮುಟ್ಟಲು ಟಾಪ್ ಕ್ವಾರ್ಕಿನ ಸಂಗಾತಿಗಳನ್ನು ತುಂಬ ಭಾರವಾಗಿಸಬೇಕಾಯಿತು, ಅದರಿಂದ ಸಹಜತೆಯ ವಾದ ಅಷ್ಟರಮಟ್ಟಿಗೆ ಸವೆಯಿತು. ಜಮೆಯ ಪುಟ ಮಾತ್ರ ಇರುವ ಲೆಕ್ಕದ ಪುಸ್ತಕವನ್ನು ಯಾವ ಶೆಟ್ಟರೂ ಒಪ್ಪುವುದಿಲ್ಲ.

ಭಾರತ 2017ರಿಂದ ಸರ್ನ್‌ನ ಸಹಸದಸ್ಯ ರಾಷ್ಟ್ರ. ಬೆಂಗಳೂರು, ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳ ತರುಣ ತರುಣಿಯರು ಈ ಯಂತ್ರಗಳ ಲೆಕ್ಕದಲ್ಲಿ ತಮ್ಮ ಇಪ್ಪತ್ತರ, ಮೂವತ್ತರ ಹರೆಯವನ್ನು ಹೂಡಲಿದ್ದಾರೆ. ಇಂದು ಕೆಲಸಕ್ಕೆ ಸೇರುವ ವಿದ್ಯಾರ್ಥಿ ಹೊಸ ಉಂಗುರದ ಮೊದಲ ಡಿಕ್ಕಿಯನ್ನು ನೋಡುವ ಹೊತ್ತಿಗೆ ನಡುವಯಸ್ಸು ದಾಟಿರುತ್ತದೆ. ಹಣಕ್ಕಿಂತ ದೊಡ್ಡ ಹೂಡಿಕೆ ಇದು. ಅವರಿಗೆ ‘ಸಂಗಾತಿ ಕಣ ಸಿಗುತ್ತದೆ’ ಎಂದು ಆಸೆ ಹುಟ್ಟಿಸಿ ಕರೆಯಬೇಡಿ. ‘ಯಾರೂ ಅಳೆಯದಷ್ಟು ನಿಖರವಾಗಿ ಅಳೆಯುತ್ತೀರಿ, ಉತ್ತರ ಏನೇ ಬಂದರೂ ಅದು ನಿಮ್ಮದು’ ಎಂದು ಕರೆಯಿರಿ.

ಅತಿಸಮಮಿತಿಯ ಪ್ರತಿಪಾದಕರಿಗೆ ಕೊನೆಯ ಮಾತು. ನಿಮ್ಮ ಸಿದ್ಧಾಂತ ಸುಂದರ. ಅದು ನಿಜವೂ ಆಗಿದ್ದರೆ ನಮಗೆಲ್ಲ ಸಂತೋಷವೇ. ಸುರಂಗ ಅಗೆಯುವ ಮುನ್ನ ಮೂರು ಸಾಲು ಬರೆದಿಡಿ: ಹಿಗ್ಸಿನೊ ಎಷ್ಟು ಜಿಇವಿವರೆಗೆ ಸಿಗದಿದ್ದರೆ ಸಹಜತೆಯ ವಾದವನ್ನು ಬಿಡುತ್ತೀರಿ, ಹಿಗ್ಸ್‌ನ ಬೆಸುಗೆಗಳಲ್ಲಿ ವ್ಯತ್ಯಾಸ ಎಷ್ಟರೊಳಗೂ ಕಾಣದಿದ್ದರೆ ಯಾವ ಮಾದರಿಗಳನ್ನು ಬಿಡುತ್ತೀರಿ, ಡಬ್ಲ್ಯು ದ್ರವ್ಯರಾಶಿ ಎಷ್ಟು ಬಂದರೆ ನಿಮಗೆ ನಷ್ಟ. ತಾರೀಖು ಹಾಕಿ, ರುಜು ಮಾಡಿ. ಅಖಾಡಕ್ಕೆ ಇಳಿಯುವ ಜಟ್ಟಿಗೆ ಬೆನ್ನು ನೆಲಕ್ಕೆ ತಾಗಿದರೆ ಸೋಲು ಎಂಬ ನಿಯಮ ಮೊದಲೇ ಗೊತ್ತಿರುತ್ತದೆ. ಆ ನಿಯಮವಿದ್ದರೇ ಅದು ಕುಸ್ತಿ.